ಮ್ಯೂಸಿಯಂಗೆ ಕಟ್ಟಡ ಸಾಕು, ಮಾತಾಡುವವರು ಬೇಕು

ಡಿಸೆಂಬರ್ ಬಂತು ಅಂದ್ರೆ ಹೆದ್ದಾರಿ ತುಂಬಾ ಶಾಲಾ ಪ್ರವಾಸದ ಬಸ್ಸುಗಳು. ರಾತ್ರಿ ಊಟ ಮುಗಿಸಿ ಹೊರಟು, ಬೆಳಗಿನ ಜಾವ ಯಾವುದೋ ಛತ್ರದಲ್ಲಿ ಮುಖ ತೊಳೆದು, ಸಂಜೆಯೊಳಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಮುಗಿಸಬೇಕು. ಹಳೇಬೀಡಿನ ದೇವಸ್ಥಾನದ ಆವರಣದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಟೈಮ್ ಇದ್ದರೆ ಅಲ್ಲೂ ಒಂದು ಸುತ್ತು. "ಲೈನಲ್ಲಿ ಬನ್ನಿ, ಏನೂ ಮುಟ್ಟಬೇಡಿ, ಹಿಂದಿನವರು ಬೇಗ ಬೇಗ." ಹತ್ತು ನಿಮಿಷಕ್ಕೆಲ್ಲ ಆಚೆ. ಆಮೇಲೆ ಗ್ರೂಪ್ ಫೋಟೋ, ಐಸ್‌ಕ್ಯಾಂಡಿ, ಮತ್ತೆ ಬಸ್ಸು.

ಮೇಷ್ಟ್ರುಗಳನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಐವತ್ತು ಅರವತ್ತು ಮಕ್ಕಳನ್ನು ಕರೆದುಕೊಂಡು ಹೋಗಿ, ಎಲ್ಲರನ್ನೂ ಎಣಿಸಿಕೊಂಡು ವಾಪಸ್ ಮನೆ ಮುಟ್ಟಿಸೋದೇ ದೊಡ್ಡ ಕೆಲಸ. ಅದರ ಮೇಲೆ ಹೊಯ್ಸಳರ ಶಿಲ್ಪಕಲೆಯನ್ನೂ ಅಲ್ಲೇ ನಿಂತು ವಿವರಿಸಿ ಅಂದ್ರೆ ಯಾರಿಗೆ ತಾನೇ ಆಗುತ್ತದೆ? ಆ ಕೆಲಸಕ್ಕೆ ಅಂತಲೇ ಇನ್ನೊಬ್ಬರು ಅಲ್ಲಿ ಇರಬೇಕಿತ್ತು. ಅವರು ಇಲ್ಲ. ನಮ್ಮ ಮ್ಯೂಸಿಯಂಗಳ ವಿಚಾರದಲ್ಲಿ ನನಗಿರೋ ಮುಖ್ಯ ತಕರಾರು ಇದೇ. ನಮ್ಮಲ್ಲಿ ವಸ್ತುಗಳಿಗೆ ಬರ ಇಲ್ಲ, ಕಟ್ಟಡಗಳಿಗೂ ಅಂಥಾ ಬರ ಇಲ್ಲ. ಒಂದು ವಸ್ತುವಿನ ಮುಂದೆ ಹದಿನೈದು ನಿಮಿಷ ನಿಲ್ಲಿಸಿ ಮಾತಾಡಿಸುವವರಿಗೆ ಬರ.

ಮ್ಯೂಸಿಯಂ ಇರೋದೇ ಕಲಿಯೋಕೆ ಅಂತ ಜಗತ್ತೆಲ್ಲಾ ಈಗ ಒಪ್ಪಿಕೊಂಡಿದೆ. ಮ್ಯೂಸಿಯಂಗಳ ಅಂತಾರಾಷ್ಟ್ರೀಯ ಮಂಡಳಿ ಐಕಾಮ್ 2022ರ ಆಗಸ್ಟ್‌ನಲ್ಲಿ ಪ್ರಾಗ್‌ನಲ್ಲಿ ಸೇರಿ, ಮ್ಯೂಸಿಯಂ ಅಂದ್ರೆ ಏನು ಅನ್ನೋದನ್ನು ಹೊಸದಾಗಿ ಬರೆಯಿತು. ಹಳೆಯದನ್ನು ಕೂಡಿಟ್ಟು ಕಾಪಾಡುವುದರ ಜೊತೆಗೆ ಕಲಿಕೆ, ಖುಷಿ, ಯೋಚನೆ, ತಿಳಿವಳಿಕೆ ಹಂಚಿಕೊಳ್ಳೋದು, ಎಲ್ಲರಿಗೂ ಬಾಗಿಲು ತೆರೆದಿರೋದು, ಸುತ್ತಲಿನ ಜನರನ್ನು ಸೇರಿಸಿಕೊಳ್ಳೋದು ಎಲ್ಲ ಅದರಲ್ಲಿದೆ. 2024ರ ಮೇ 18ರ ಮ್ಯೂಸಿಯಂ ದಿನದ ವಿಷಯವೇ ಶಿಕ್ಷಣ ಮತ್ತು ಸಂಶೋಧನೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ಪ್ರಶ್ನೆ ಇರೋದು, ಮ್ಯೂಸಿಯಂಗೆ ಹೋಗಿ ಬಂದ ಮಗುವಿನ ತಲೆಯಲ್ಲಿ ನಿಜವಾಗಿ ಏನಾದರೂ ಉಳಿಯುತ್ತಾ ಅಂತ.

ಇದಕ್ಕೆ ಒಂದು ಒಳ್ಳೆಯ ಉತ್ತರ ಸಿಕ್ಕಿರೋದು ಅಮೆರಿಕದ ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್ ಅನ್ನೋ ಊರಲ್ಲಿ. ವಾಲ್‌ಮಾರ್ಟ್ ಕಂಪನಿಯ ಕೇಂದ್ರ ಕಚೇರಿ ಇರುವ ಊರು ಅದು. ಆ ಕಂಪನಿ ಕಟ್ಟಿದ ಕುಟುಂಬದ ದುಡ್ಡಿನಲ್ಲಿ 2011ರಲ್ಲಿ ಅಲ್ಲಿ ಕ್ರಿಸ್ಟಲ್ ಬ್ರಿಜಸ್ ಅನ್ನೋ ಕಲಾ ಮ್ಯೂಸಿಯಂ ಶುರುವಾಯಿತು. ಸುತ್ತಮುತ್ತಲಿನ ಶಾಲೆಗಳಿಂದ ಅರ್ಜಿಗಳು ಎಷ್ಟು ಬಂದವು ಅಂದ್ರೆ ಎಲ್ಲರನ್ನೂ ಕರೆಸೋಕೆ ಆಗಲಿಲ್ಲ, ಚೀಟಿ ಎತ್ತಿದರು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲ್ಲ. ಚೀಟಿಯಲ್ಲಿ ಹೆಸರು ಬಂದವರು, ಬಾರದವರು ಅನ್ನೋದು ಬಿಟ್ಟರೆ ಎರಡೂ ಗುಂಪಿನ ಶಾಲೆಗಳು ಹೆಚ್ಚು ಕಡಿಮೆ ಒಂದೇ ಥರ ಅಲ್ವಾ? ಹಾಗಾಗಿ ಅರ್ಕನ್ಸಾ ವಿಶ್ವವಿದ್ಯಾಲಯದವರು 123 ಶಾಲೆಗಳ ಸುಮಾರು 11,000 ಮಕ್ಕಳನ್ನು ಹೋಲಿಸಿ ನೋಡಿದರು.

ಆ ಭೇಟಿ ಹೇಗಿತ್ತು ಅನ್ನೋದೇ ಮುಖ್ಯ. ಒಂದು ಗಂಟೆ. ಜೊತೆಗೆ ಮ್ಯೂಸಿಯಂನವರೇ ಒಬ್ಬರು. ನೋಡಿದ್ದು ಬರೀ ಐದು ಚಿತ್ರ! ಭಾಷಣ ಕಡಿಮೆ, ಮಕ್ಕಳ ಮಾತು ಜಾಸ್ತಿ. ಕೆಲವು ವಾರ ಕಳೆದ ಮೇಲೆ ಕೇಳಿದಾಗ, ಕಾಡಿನಲ್ಲಿ ಮೇಪಲ್ ಮರದ ರಸ ಕಾಯಿಸುವವರ ಒಂದು ಹಳೆಯ ಚಿತ್ರ ನೋಡಿದ್ದ ಮಕ್ಕಳಲ್ಲಿ ನೂರಕ್ಕೆ 88 ಮಂದಿಗೆ ಅದರ ಹಿಂದಿನ ಕತೆ ನೆನಪಿತ್ತು. ಗುಲಾಮರ ಬೆವರಿನಿಂದ ಬಂದ ಸಕ್ಕರೆ ಬೇಡ ಅಂತ ಗುಲಾಮಗಿರಿಯ ವಿರೋಧಿಗಳು ಮೇಪಲ್ ಸಕ್ಕರೆ ಮಾಡುತ್ತಿದ್ದ ಕತೆ ಅದು. ಮೊದಲೆಂದೂ ನೋಡದ ಹೊಸ ಚಿತ್ರ ಕೊಟ್ಟು ಇದರ ಬಗ್ಗೆ ಬರೆಯಿರಿ ಅಂದಾಗಲೂ ಹೋಗಿ ಬಂದ ಮಕ್ಕಳು ಗಮನವಿಟ್ಟು ನೋಡಿ ಬರೆದರು. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಹಳ್ಳಿ ಶಾಲೆಯ ಮತ್ತು ಬಡ ಮನೆಗಳ ಮಕ್ಕಳಿಗೆ ಆದ ಲಾಭ ಉಳಿದವರಿಗಿಂತ ಸಾಮಾನ್ಯವಾಗಿ ಎರಡು ಮೂರು ಪಟ್ಟು ಜಾಸ್ತಿ. ಪಟ್ಟಣದ, ಅನುಕೂಲಸ್ಥರ ಮನೆಯ ಮಗುವಿಗೆ ಇಂಥದ್ದು ಬೇರೆ ಕಡೆಯೂ ಸಿಗುತ್ತದೆ. ಹಳ್ಳಿ ಮಗುವಿಗೆ ಅದೊಂದೇ.

ಹಾಂ, ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಶಾಲೆಯಲ್ಲಿ ಆ ದಿನ ಪಾಠ ಮಾಡೋಕೆ ಬರುವ ಬದಲಿ ಟೀಚರ್ ಸಂಬಳ, ಎಲ್ಲಾ ಮ್ಯೂಸಿಯಂನದೇ. "ನಮ್ಮಲ್ಲಿ ವಾಲ್‌ಮಾರ್ಟ್ ಎಲ್ಲಿದೆ ಸ್ವಾಮಿ" ಅಂತ ನೀವು ಕೇಳಬಹುದು. ಸರಿ. ಆದರೆ ಐದೇ ಚಿತ್ರ ತೋರಿಸೋಕೆ, ಮಕ್ಕಳಿಗೆ ಮಾತಾಡೋಕೆ ಬಿಡೋಕೆ ವಾಲ್‌ಮಾರ್ಟ್ ಬೇಕಾಗಿಲ್ಲ.

ನಮ್ಮಲ್ಲಿ ಇದಕ್ಕೆ ಏನಿದೆ ಅಂತ ನೋಡೋಣ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಸಂಗ್ರಹದಲ್ಲಿ ಆತಕೂರಿನ ಕಲ್ಲು ಅಂತ ಒಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಕ್ರಿ.ಶ. 949-50ರದು. ಮೇಲ್ಭಾಗದಲ್ಲಿ ಒಂದು ನಾಯಿ, ಒಂದು ಕಾಡುಹಂದಿ, ಒಂದರ ಮೇಲೊಂದು ಬಿದ್ದು ಕಾದಾಡುತ್ತಿವೆ. ನಾಯಿಯ ಹೆಸರು ಕಾಳಿ.

ಕತೆ ಇಷ್ಟು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ. ತಕ್ಕೋಲ ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ಊರು. ಕೃಷ್ಣನ ಕಡೆ ಗಂಗರ ಇಮ್ಮಡಿ ಬೂತುಗ ಇದ್ದ, ಚೋಳ ಯುವರಾಜ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಬೂತುಗನ ಪಡೆಯಲ್ಲಿ ಮಣಲೇರ ಅನ್ನೋ ವೀರ ಚೆನ್ನಾಗಿ ಹೋರಾಡಿದ್ದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಆ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಎಚ್ಚರಿಕೆಯೂ ಇದೆ.

ಈಗ ಹೇಳಿ, ಏಳನೇ ಕ್ಲಾಸಿನ ಮಕ್ಕಳನ್ನು ಈ ಕಲ್ಲಿನ ಮುಂದೆ ಕೂರಿಸಿದರೆ ಎಷ್ಟು ಪಾಠ ಮಾಡಬಹುದು? ಅವನು ಊರನ್ನೋ ಚಿನ್ನವನ್ನೋ ಕೇಳದೆ ನಾಯಿಯನ್ನು ಯಾಕೆ ಕೇಳಿದ? (ಊರುಗಳೂ ಸಿಕ್ಕವು ಅವನಿಗೆ, ಅದೂ ಕಲ್ಲಿನಲ್ಲೇ ಇದೆ.) ಅಷ್ಟು ದೊಡ್ಡ ಯುದ್ಧ ನಡೆದಿದ್ದರೂ ಚಿತ್ರ ಕೆತ್ತಿಸಿದ್ದು ಯುದ್ಧದ್ದಲ್ಲ, ನಾಯಿ-ಹಂದಿಯದ್ದು, ಯಾಕೆ? ಆಗ ಕಾಡು ಎಲ್ಲಿತ್ತು, ಹೊಲ ಎಲ್ಲಿತ್ತು? ಭೂಮಿ ದಾನ ಬಿಟ್ಟರೆ ಅದರ ಬೆಳೆ ಯಾರಿಗೆ? ಚೋಳರ ಶಾಸನಗಳು ಇದೇ ಯುದ್ಧದ ಬಗ್ಗೆ ಬೇರೆ ರೀತಿ ಮಾತಾಡುತ್ತವೆ. ಆನೆಯ ಮೇಲೇ ಪ್ರಾಣ ಬಿಟ್ಟ ದೊರೆ ಅಂತ ರಾಜಾದಿತ್ಯನನ್ನು ಹೊಗಳುತ್ತವೆ. ಹಾಗಾದರೆ ಯಾರ ಮಾತನ್ನು ಎಷ್ಟು ನಂಬೋದು? ಪಠ್ಯಪುಸ್ತಕದಲ್ಲಿ ತಕ್ಕೋಲ ಕದನ ಅಂತ ಒಂದು ಸಾಲು ಬಂದರೆ, ಪರೀಕ್ಷೆಗೆ ಇಸವಿ ಬರೆದು ಮರೆತುಬಿಡುತ್ತಾರೆ. ಕಾಳಿಯನ್ನು ಮರೆಯೋದು ಕಷ್ಟ.

ಆದರೆ ಕಲ್ಲು ತಾನಾಗಿ ಇದನ್ನು ಯಾರಿಗೂ ಹೇಳುವುದಿಲ್ಲ. ಸಾವಿರ ವರ್ಷದ ಹಿಂದಿನ ಲಿಪಿ ನಮಗೆ ಓದೋಕೆ ಬರಲ್ಲ. ನಮ್ಮ ಮ್ಯೂಸಿಯಂಗಳ ಫಲಕಗಳು ಸಾಮಾನ್ಯವಾಗಿ ಹೇಗಿರುತ್ತವೆ ಗೊತ್ತಲ್ಲ. ವೀರಗಲ್ಲು, ಗಂಗ ಶೈಲಿ, 10ನೇ ಶತಮಾನ. ಮುಗಿಯಿತು. ಇದನ್ನು ಓದಿ ಅರ್ಥ ಮಾಡಿಕೊಳ್ಳುವವನಿಗೆ ಫಲಕವೇ ಬೇಡ, ಫಲಕ ಬೇಕಾದವನಿಗೆ ಇದರಿಂದ ಏನೂ ಸಿಗಲ್ಲ. ಒಂದು ನಾಲ್ಕು ಸಾಲು ಕತೆ ಬರೆದು ಅಂಟಿಸೋಕೆ ಎಷ್ಟು ಖರ್ಚಾದೀತು?

ದೊಡ್ಡವರ ಕತೆಯೂ ಬೇರೆ ಏನಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕಲಾಕೃತಿಯನ್ನು ಎಷ್ಟು ಹೊತ್ತು ನೋಡುತ್ತಾರೆ ಅಂತ ಗಡಿಯಾರ ಹಿಡಿದು ಲೆಕ್ಕ ಹಾಕಿದ್ದರು, 2001ರಲ್ಲಿ ಅದು ಪ್ರಕಟವಾಯಿತು. ಸರಾಸರಿ 27 ಸೆಕೆಂಡ್. ಅರ್ಧದಷ್ಟು ಸಲ 17 ಸೆಕೆಂಡಿಗಿಂತ ಕಡಿಮೆ. ಜಗತ್ತಿನ ಅತಿ ದೊಡ್ಡ ಮ್ಯೂಸಿಯಂಗಳಲ್ಲಿ ಒಂದು, ಜನ ಟಿಕೆಟ್ ತಗೊಂಡು ಇಷ್ಟಪಟ್ಟು ಬಂದವರು, ಅಲ್ಲೇ ಹೀಗೆ. ಯಾರಾದರೂ ನಿಲ್ಲಿಸದಿದ್ದರೆ ಮನುಷ್ಯ ನಿಲ್ಲೋದಿಲ್ಲ ಅಷ್ಟೇ.

ನಿಲ್ಲಿಸುವ ವ್ಯವಸ್ಥೆ ನಮ್ಮಲ್ಲಿ ಎಲ್ಲೂ ಇಲ್ಲ ಅಂತ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ. ಹೊಳೆಯುವ ಕಟ್ಟಡ ಏನಲ್ಲ, ಗಾಜಿನ ಜಾಡಿಗಳಲ್ಲಿ ಮಿದುಳುಗಳು. ಆದರೆ ಅಲ್ಲಿ ಜೊತೆಗೆ ಬಂದು ವಿವರಿಸುವವರು ಇರುತ್ತಾರೆ. ಪಾರ್ಶ್ವವಾಯು ಹೊಡೆದ ಮಿದುಳು ಹೇಗಿರುತ್ತದೆ, ಗೆಡ್ಡೆ ಬೆಳೆದದ್ದು ಹೇಗಿರುತ್ತದೆ ಅಂತ ತೋರಿಸುತ್ತಾರೆ, ಕೊನೆಗೆ ಕೈಗವಸು ಹಾಕಿಸಿ ನಿಜವಾದ ಮನುಷ್ಯನ ಮಿದುಳನ್ನು ಕೈಗೆ ಕೊಡುತ್ತಾರೆ. ಹೆಲ್ಮೆಟ್ ಹಾಕಿ ಅಂತ ಹೇಳುವ ನೂರು ಪೋಸ್ಟರ್‌ಗಳಿಗಿಂತ ಆ ಒಂದು ನಿಮಿಷ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ. ಅಲ್ಲಿಗೆ ಕಾಲೇಜು ಹುಡುಗರೂ ಬರುತ್ತಾರೆ, ಮೊಮ್ಮಕ್ಕಳನ್ನು ಕರೆದುಕೊಂಡು ಬಂದ ತಾತಂದಿರೂ ಬರುತ್ತಾರೆ.

ಇನ್ನೊಂದು ರಾಮನಗರದ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು, ನಿವೃತ್ತಿಯಾದ ಮೇಲೆ ಕಟ್ಟಿದ್ದು. ಒನಕೆ, ಬೀಸುವ ಕಲ್ಲು, ಕೊಳಗ, ಸೇರು, ಪಾವು, ಕೂರಿಗೆ, ತೊಗಲುಗೊಂಬೆ, ಸೋಮನ ಮುಖವಾಡ. ಅಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸ್ಕೂಲಿಗೇ ಹೋಗದ ಅಜ್ಜಿ ಅಲ್ಲಿ ಮೇಷ್ಟ್ರಾಗುತ್ತಾಳೆ. ರಾಗಿ ಬೀಸುವಾಗ ಎದುರುಬದುರು ಹೇಗೆ ಕೂರುತ್ತಿದ್ದರು, ಗೂಟ ಯಾಕೆ ಓರೆ ಇರುತ್ತಿತ್ತು, ಕಾಳು ಎಷ್ಟೆಷ್ಟು ಹಾಕಬೇಕು, ಎಲ್ಲಾ ಅವಳಿಗೆ ಗೊತ್ತು, ಇಂಜಿನಿಯರ್ ಮೊಮ್ಮಗನಿಗೆ ಗೊತ್ತಿಲ್ಲ. ಒಂದು ಮ್ಯೂಸಿಯಂ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ಕಷ್ಟ. ಬೇಜಾರಿನ ವಿಷಯ ಏನು ಅಂದ್ರೆ ಅದು ಇರೋದು ಹಳೇ ಮೈಸೂರು ರಸ್ತೆಯಲ್ಲಿ. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಆದ ಮೇಲೆ ನೇರ ಮೈಸೂರಿಗೆ ಹೋಗುವವರ ಕಣ್ಣಿಗೆ ಅದು ಬೀಳೋದೇ ಇಲ್ಲ. ಹುಡುಕಿಕೊಂಡು ಇಳಿದು ಹೋಗಬೇಕು.

ಬದುಕಿಡೀ ಕಲಿಯೋದು ಅಂತ ಭಾಷಣದಲ್ಲಿ ಹೇಳುತ್ತೇವೆ. ಆದರೆ ಕೆಲಸಕ್ಕೆ ಹೋಗುವ ಮನುಷ್ಯ ಮ್ಯೂಸಿಯಂಗೆ ಯಾವಾಗ ಹೋಗಬೇಕು? ನಮ್ಮ ಹೆಚ್ಚಿನ ಸರ್ಕಾರಿ ಮ್ಯೂಸಿಯಂಗಳು ಬೆಳಿಗ್ಗೆ ಹತ್ತಕ್ಕೆ ತೆಗೆದು ಸಂಜೆ ಐದಕ್ಕೆ ಮುಚ್ಚುತ್ತವೆ, ಅಂದ್ರೆ ನಾವೆಲ್ಲಾ ಆಫೀಸಿನಲ್ಲೋ ಅಂಗಡಿಯಲ್ಲೋ ಫ್ಯಾಕ್ಟರಿಯಲ್ಲೋ ಇರುವ ಹೊತ್ತಿನಲ್ಲೇ. ಲಂಡನ್ನಿನಲ್ಲಿ 1857ರಲ್ಲಿ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ (ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್) ತೆರೆದಾಗ ಅದನ್ನು ನಡೆಸುತ್ತಿದ್ದ ಹೆನ್ರಿ ಕೋಲ್ ಗ್ಯಾಸ್ ದೀಪ ಹಾಕಿಸಿದ. ಕೂಲಿಕಾರರು ಕೆಲಸ ಮುಗಿಸಿ ರಾತ್ರಿ ಹೊತ್ತು ಹೆಂಡತಿ ಮಕ್ಕಳ ಜೊತೆ ಬರಲಿ, ಹೆಂಡದಂಗಡಿಗೆ ಇದು ಪೈಪೋಟಿ ಆಗಲಿ ಅಂತ ಅವನ ಆಸೆ. ಕರೆಂಟ್ ಇಲ್ಲದ ಕಾಲದಲ್ಲಿ! ನಾವು ವಾರಕ್ಕೆ ಒಂದು ದಿನ ರಾತ್ರಿ ಎಂಟರ ತನಕ ಬಾಗಿಲು ತೆರೆದಿಟ್ಟರೆ ಏನು ಗಂಟು ಹೋಗುತ್ತದೆ? ಸಿಬ್ಬಂದಿ ಇಲ್ಲ ಅನ್ನೋದು ನಿಜವಾದ ಕಾರಣ. ಮತ್ತೆ ಸುತ್ತಿ ಬಂದು ನಿಲ್ಲೋದು ಅಲ್ಲಿಗೇ, ಜನ ಬೇಕು.

ಜನಕ್ಕೆ ಆಸಕ್ತಿ ಇಲ್ಲ ಅನ್ನೋ ಮಾತನ್ನು ಮಾತ್ರ ನಾನು ಒಪ್ಪಲ್ಲ. ಕಸ್ತೂರಬಾ ರಸ್ತೆಯ ಮ್ಯೂಸಿಯಂ ಅನ್ನು 1865ರಲ್ಲಿ ಶುರು ಮಾಡಿದ ಎಡ್ವರ್ಡ್ ಬಾಲ್ಫೋರ್ ಸೈನ್ಯದ ಡಾಕ್ಟರ್. ಅದಕ್ಕೆ ಮೊದಲು ಮದ್ರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದಾಗ ಜೀವಂತ ಚಿರತೆ, ಹುಲಿ ತಂದಿಟ್ಟರೆ ಜನ ಮುಗಿಬೀಳುತ್ತಾರೆ ಅಂತ ಕಂಡುಕೊಂಡಿದ್ದ, ಅಲ್ಲಿನ ಮೃಗಾಲಯ ಹುಟ್ಟಿದ್ದೇ ಹಾಗೆ. ಅಂದ್ರೆ ಜನ ಬರಬೇಕಾದರೆ ಏನು ಬೇಕು ಅನ್ನೋ ತಲೆನೋವು ಇವತ್ತಿನದಲ್ಲ. ಇವತ್ತಿನ ಮಾತಿಗೆ ಬಂದರೆ, ಕನ್ನಡ ಸಾಹಿತ್ಯ ಪರಿಷತ್ತು ಎಷ್ಟೋ ವರ್ಷದಿಂದ ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತಿದೆ. ಹಳಗನ್ನಡ ಲಿಪಿ ಕಲಿತರೆ ಸಂಬಳ ಹೆಚ್ಚಾಗಲ್ಲ, ಪ್ರಮೋಷನ್ ಬರಲ್ಲ. ಆದರೂ ಬ್ಯಾಂಕಿನಲ್ಲಿ ಇದ್ದವರು, ಐಟಿಯವರು, ರಿಟೈರ್ ಆದವರು ಇಂಥ ತರಗತಿಗಳಿಗೆ ಬಂದು ಕೂರುತ್ತಾರೆ.

ಇಂಥವರಿಂದಲೇ ಆದ ಒಂದು ಕೆಲಸ ನೋಡಬೇಕು ಅಂದ್ರೆ ಬೆಂಗಳೂರಿನ ಹೆಬ್ಬಾಳಕ್ಕೆ ಹೋಗಿ. 2018ರಲ್ಲಿ ಚರಂಡಿ ಅಗೆಯುವಾಗ ಅಲ್ಲಿ ಒಂದು ಶಾಸನದ ಕಲ್ಲು ಸಿಕ್ಕಿತು. ಓದಿ ನೋಡಿದರೆ ಸುಮಾರು ಕ್ರಿ.ಶ. 750ರದು, ಗಂಗ ಶ್ರೀಪುರುಷನ ಕಾಲದ್ದು, ಊರಿಗಾಗಿ ಹೋರಾಡಿ ಸತ್ತ ಕಿತ್ತಯ್ಯ ಅನ್ನೋನ ಹೆಸರಿನದು. ಬೆಂಗಳೂರು ಅನ್ನೋ ಹೆಸರಿರುವ ಬೇಗೂರಿನ ಶಾಸನಕ್ಕಿಂತಲೂ ಇದು ಹಳೆಯದು. ಆಸಕ್ತರು, ಅಕ್ಕಪಕ್ಕದ ನಿವಾಸಿಗಳು ಸೇರಿ ಆ ಕಲ್ಲನ್ನು ಅಲ್ಲೇ ಬಡಾವಣೆಯಲ್ಲೇ ಇಟ್ಟು ಮಂಟಪ ಕಟ್ಟಿಸಿದರು. ಮ್ಯೂಸಿಯಂಗೆ ಸಾಗಿಸಿದ್ದರೆ ಅದು ನೂರರಲ್ಲಿ ಒಂದು ಕಲ್ಲಾಗುತ್ತಿತ್ತು. ಇಲ್ಲಿ ಅದು ಆ ಬೀದಿಯ ಕಲ್ಲು. ಇತಿಹಾಸದ ಅಧ್ಯಯನಕ್ಕೆ ಅಂತಲೇ ಇರುವ ಹಳೆಯ ಸಂಸ್ಥೆ ಮಿಥಿಕ್ ಸೊಸೈಟಿಯಲ್ಲಿ ಬೆಂಗಳೂರಿನ ಶಾಸನಗಳನ್ನೆಲ್ಲಾ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಯೋಜನೆಯೂ ನಡೆದಿದೆ. ಸವೆದುಹೋಗಿ ಕಣ್ಣಿಗೆ ಕಾಣದ ಅಕ್ಷರಗಳೂ ಸ್ಕ್ಯಾನ್‌ನಲ್ಲಿ ಎದ್ದು ಬರುತ್ತವೆ. ಮ್ಯೂಸಿಯಂ ಗೋಡೆ ತುಂಬಾ ಸುಮ್ನೆ ದೊಡ್ಡ ಟಿವಿ ಹಾಕಿ, ಆರು ತಿಂಗಳಿಗೆ ಅದು ಕೆಟ್ಟು, ರಿಪೇರಿಗೆ ಟೆಂಡರ್ ಕರೆಯೋದಕ್ಕಿಂತ ಈ ಥರದ ತಂತ್ರಜ್ಞಾನ ಎಷ್ಟೋ ಮೇಲು.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಹೇಳೋಕಾಗಲ್ಲ. ಪುರಾತತ್ವ ಇಲಾಖೆ ಹೈಸ್ಕೂಲ್ ಮಕ್ಕಳಿಗೆ ಪ್ರಾಚ್ಯಪ್ರಜ್ಞೆ ಅಂತ ಕಾರ್ಯಕ್ರಮ ನಡೆಸುತ್ತದೆ. ಪ್ರಬಂಧ, ಭಾಷಣ, ರಸಪ್ರಶ್ನೆ, ಚಿತ್ರಕಲೆ ಸ್ಪರ್ಧೆ. ಉದ್ದೇಶ ಒಳ್ಳೆಯದು. ಆದರೆ ಪರಂಪರೆ ಉಳಿಸಿ ಅಂತ ಪ್ರಬಂಧ ಬರೆಯೋದಕ್ಕೂ ಒಂದು ಕಲ್ಲನ್ನು ಅರ್ಧ ದಿನ ನೋಡಿ, ಅಳತೆ ತೆಗೆದು, ಚಿತ್ರ ಬರೆದು, ಅದರ ಬಗ್ಗೆ ಜಗಳ ಆಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ಬ್ಯಾಗ್ ಇಲ್ಲದ ಶನಿವಾರ ಅಂತ ತಿಂಗಳಿಗೊಮ್ಮೆ ಸಂಭ್ರಮ ಶನಿವಾರ ತಂದರಲ್ಲ, ಆ ದಿನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ವರ್ಷಕ್ಕೊಮ್ಮೆ ಮುನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗೋದು ಬೇಡ ಅನ್ನೋದಿಲ್ಲ, ಪ್ರವಾಸದ ಮಜಾನೇ ಬೇರೆ. ಆದರೆ ಕಲಿಯೋಕೆ ನಡೆದು ಹೋಗುವಷ್ಟು ದೂರದ ಕಲ್ಲು ಸಾಕು, ಅದೂ ಮತ್ತೆ ಮತ್ತೆ.

ದುಡ್ಡು ಹಾಕುವ ಕೈ ನನ್ನದಾಗಿದ್ದರೆ ಐದು ವರ್ಷ ಹೊಸ ಮ್ಯೂಸಿಯಂ ಕಟ್ಟಡಕ್ಕೆ ಒಂದು ಪೈಸೆ ಕೊಡುತ್ತಿರಲಿಲ್ಲ. ಪ್ರತಿ ಜಿಲ್ಲಾ ಮ್ಯೂಸಿಯಂಗೆ ಇಬ್ಬರು. ಇತಿಹಾಸವೋ ಜಾನಪದವೋ ಓದಿದ, ಮಕ್ಕಳ ಜೊತೆ ಮಾತಾಡೋಕೆ ಬರುವ, ಹೊರಗುತ್ತಿಗೆಯವರಲ್ಲದ, ತಿಂಗಳು ತಿಂಗಳು ಸಂಬಳ ಸಿಗುವ ಇಬ್ಬರು. ಅವರ ಕೆಲಸ ಇಷ್ಟೇ, ಒಂದು ಶಾಲೆ ಬಂದರೆ ಐದೇ ವಸ್ತು ತೋರಿಸೋದು. ಮ್ಯೂಸಿಯಂ ಪೂರ್ತಿ ತೋರಿಸಿ ಅಂತ ಗಲಾಟೆ ಮಾಡುವ ಹೆಡ್‌ಮಾಸ್ಟರಿಗೆ ಒಂದು ಕಾಫಿ ಕೊಟ್ಟು ಹೊರಗೆ ಕೂರಿಸೋದೂ ಅವರದೇ ಕೆಲಸ.

ಅಷ್ಟರವರೆಗೆ ಕಾಯೋ ಅಗತ್ಯ ಇಲ್ಲದವರಿಗೆ ಒಂದು ದಾರಿ ಇದೆ. ಊರೂರಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹಳೇ ಮೈಸೂರು ಸೀಮೆಯ ಶಾಸನಗಳು ತಾಲ್ಲೂಕುವಾರು, ಊರುವಾರು ಅದರಲ್ಲಿವೆ. 9ನೇ ಸಂಪುಟ ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು, 5 ಹಾಸನ, ಶಿವಮೊಗ್ಗಕ್ಕೆ 7 ಮತ್ತು 8. ಬಳ್ಳಾರಿ, ರಾಯಚೂರು, ಕೊಪ್ಪಳ, ವಿಜಯಪುರದ ಕಡೆಯವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ನೋಡಬಹುದು. ನಿಮ್ಮೂರಿನ ಹೆಸರು ಹುಡುಕಿ, ಶಾಸನದ ಪಾಠ ಪ್ರಿಂಟ್ ತಗೊಂಡು, ಮಕ್ಕಳನ್ನು ಕರೆದುಕೊಂಡು ಹೋಗಿ. ರೈಸ್ ಬರೆದಿಟ್ಟ ಜಾಗದಲ್ಲೇ ಕಲ್ಲು ಇರುತ್ತದೆ ಅಂತ ಮಾತ್ರ ನಂಬಬೇಡಿ. ನೂರು ವರ್ಷದಲ್ಲಿ ಅದು ಬಟ್ಟೆ ಒಗೆಯುವ ಕಲ್ಲಾಗಿರಬಹುದು, ಗುಡಿ ಜೀರ್ಣೋದ್ಧಾರದಲ್ಲಿ ಗೋಡೆ ಸೇರಿರಬಹುದು. ಮೊದಲು ಊರಿನ ಹಿರಿಯರೊಬ್ಬರನ್ನು ಕೇಳಿ, ಆಮೇಲೆ ಹೊರಡಿ.